ಸಾಕು ಎಂದಾಗ ನಿಲ್ಲದ ಆಟ



ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ಕೊರ್ಲಹಳ್ಳಿ ಎಂಬ ಊರಿದೆ. ಊರಿನ ಮಗ್ಗುಲಲ್ಲಿಯೇ ತುಂಗಭದ್ರೆ ಹರಿಯುತ್ತಾಳೆ. ಸೇತುವೆ ದಾಟಿದರೆ ಆಚೆಗೆ ಹೂವಿನಹಡಗಲಿಯ ಸೀಮೆ. ನಾನು ಆ ಹೊಳೆದಂಡೆಯ ಕಡೆಯವನು. ನನ್ನ ಓರಗೆಯವರೆಲ್ಲ ಈಜು ಕಲಿತದ್ದು ಆ ನೀರಿನಲ್ಲಿಯೇ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ನಮ್ಮದೊಂದು ಆಟವಿತ್ತು. ಒಬ್ಬನ ತಲೆಯನ್ನು ಇನ್ನೊಬ್ಬ ನೀರಿನಲ್ಲಿ ಅದ್ದುವುದು. ಅದ್ದಿಸಿಕೊಂಡವನು ಮೇಲೆದ್ದು, ಮೂಗು ಒರೆಸಿಕೊಂಡು, ಈಗ ನನ್ನ ಪಾಳಿ ಎಂದು ಅದ್ದಿದವನ ಬೆನ್ನು ಹತ್ತುವುದು. ದಂಡೆಯ ಮೇಲೆ ನಿಂತು ನೋಡಿದವರಿಗೆ ಇದು ಹೊಡೆದಾಟದಂತೆ ಕಾಣುತ್ತಿತ್ತು. ಆದರೆ ಅದು ಆಟವೇ ಆಗಿತ್ತು.

ಅದೇ ನೀರಿನಲ್ಲಿ, ಅದೇ ಹುಡುಗರ ನಡುವೆ, ಕೆಲವು ದಿನ ಇನ್ನೊಂದು ಬಗೆಯ ಸಂಗತಿಯೂ ನಡೆಯುತ್ತಿತ್ತು. ಅದ್ದುವವರು ನಾಲ್ವರು, ಅದ್ದಿಸಿಕೊಳ್ಳುವವನು ಒಬ್ಬನೇ. ಅವನಿಗೆ ಪಾಳಿ ಬರುತ್ತಲೇ ಇರಲಿಲ್ಲ. ಅವನು "ಸಾಕಲೇ, ಬಿಡ್ರಲೇ" ಎಂದು ಕೂಗಿದರೂ ಕೈಗಳು ಬಿಡುತ್ತಿರಲಿಲ್ಲ. ದಂಡೆಯ ಮೇಲಿದ್ದವರಿಗೆ ಎರಡೂ ಒಂದೇ ರೀತಿ ಕಾಣುತ್ತಿದ್ದವು. ನೀರಿನಲ್ಲಿದ್ದ ನಮಗಾದರೂ ವ್ಯತ್ಯಾಸ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದೇ ಇಂದು ನನಗನಿಸುತ್ತದೆ. ಎಳೆಯ ಶಾಲಾ ಮಕ್ಕಳು ಈ ವ್ಯತ್ಯಾಸವನ್ನು ಹೇಗೆ ತಿಳಿಯುತ್ತಾರೆ, ಎಷ್ಟು ತಿಳಿಯುತ್ತಾರೆ, ತಿಳಿಯದೆ ಇದ್ದಾಗ ದೊಡ್ಡವರಾದ ನಾವು ಏನು ಮಾಡಬೇಕು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಹೆಸರಿನ ಪ್ರಶ್ನೆ. ಇಂಗ್ಲಿಷಿನಲ್ಲಿ ಇದನ್ನು ಬುಲ್ಲಿಯಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಒಂದೇ ಮಾತಿಲ್ಲ, ಆದರೆ ಇದರ ಒಂದೊಂದು ಮುಖಕ್ಕೂ ಒಂದೊಂದು ಮಾತಿದೆ. ಕಾಡಿಸುವುದು, ಪೀಡಿಸುವುದು, ಅಣಕಿಸುವುದು, ಹೀಯಾಳಿಸುವುದು, ಗೋಳು ಹೊಯ್ದುಕೊಳ್ಳುವುದು, ದಾದಾಗಿರಿ ಮಾಡುವುದು, ಅಡ್ಡಹೆಸರು ಇಡುವುದು, ಟೂ ಬಿಡುವುದು. ಇವುಗಳಲ್ಲಿ ಕೆಲವು ಬರಿಯ ಚೇಷ್ಟೆಗೂ ಸಲ್ಲುತ್ತವೆ. ಟೂ ಬಿಟ್ಟ ಗೆಳೆಯರು ಮರುದಿನ ಹೆಗಲ ಮೇಲೆ ಕೈ ಹಾಕಿಕೊಂಡು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾದರೆ ಚೇಷ್ಟೆ ಎಲ್ಲಿ ಮುಗಿಯುತ್ತದೆ, ಕಾಟ ಎಲ್ಲಿ ಆರಂಭವಾಗುತ್ತದೆ?

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದವರಲ್ಲಿ ಮುಖ್ಯರು ಡಾನ್ ಓಲ್ವೇಯಸ್. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಈ ಮನೋವಿಜ್ಞಾನಿ 1973ರಲ್ಲಿ ಶಾಲಾ ಹುಡುಗರ ಕಾಟದ ಬಗೆಗೆ ಒಂದು ಪುಸ್ತಕ ಪ್ರಕಟಿಸಿದರು. ಆಗ ಅದನ್ನು ಗಮನಿಸಿದವರು ಕಡಿಮೆ. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡರು. ಓರಗೆಯವರ ಕಾಟವೇ ಇದಕ್ಕೆ ಕಾರಣವಿರಬೇಕೆಂದು ತಿಳಿದಾಗ ಆ ದೇಶ ಎಚ್ಚೆತ್ತು, 1983ರಲ್ಲಿ ಎಲ್ಲ ಶಾಲೆಗಳಿಗೂ ಅನ್ವಯಿಸುವ ಒಂದು ಆಂದೋಲನವನ್ನು ಆರಂಭಿಸಿತು. ಓಲ್ವೇಯಸ್ ಹೇಳಿದ ಲಕ್ಷಣಗಳು ಮೂರು. ಒಂದು, ನೋಯಿಸಬೇಕೆಂಬ ಉದ್ದೇಶ. ಎರಡು, ಅದು ಮತ್ತೆ ಮತ್ತೆ ನಡೆಯುವುದು. ಮೂರು, ಬಲದ ಅಸಮತೆ, ಎಂದರೆ ನೋಯಿಸಿಕೊಳ್ಳುವವನು ತನ್ನನ್ನು ತಾನು ಕಾಪಾಡಿಕೊಳ್ಳಲಾರದ ಸ್ಥಿತಿ. ನಮ್ಮ ಹೊಳೆಯ ಭಾಷೆಯಲ್ಲಿ ಹೇಳುವುದಾದರೆ, ಪಾಳಿ ಬರುವುದಿಲ್ಲ ಮತ್ತು ಸಾಕು ಎಂಬ ಮಾತಿಗೆ ಬೆಲೆಯಿಲ್ಲ.

ಇದು ದೊಡ್ಡವರ ವ್ಯಾಖ್ಯೆ. ಆರು ವರ್ಷದ, ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಈ ಮೂರು ಗೆರೆಗಳು ಇರುತ್ತವೆಯೇ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಇಂಗ್ಲೆಂಡಿನ ಪೀಟರ್ ಸ್ಮಿತ್ ಮತ್ತು ಸಂಗಡಿಗರು 14 ದೇಶಗಳಲ್ಲಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರು ಕಡ್ಡಿಗೊಂಬೆಗಳಂತೆ ಗೆರೆಗಳಲ್ಲಿ ಬರೆದ 25 ಚಿತ್ರಗಳನ್ನು 8 ವರ್ಷದ ಮತ್ತು 14 ವರ್ಷದ ಮಕ್ಕಳ ಮುಂದಿಟ್ಟರು. ಒಂದು ಚಿತ್ರದಲ್ಲಿ ಹೊಡೆತ, ಇನ್ನೊಂದರಲ್ಲಿ ಬೈಗುಳ, ಮತ್ತೊಂದರಲ್ಲಿ ಆಟಕ್ಕೆ ಸೇರಿಸದಿರುವುದು, ಹೀಗೆ. ಇವುಗಳಲ್ಲಿ ಯಾವುದನ್ನು ನಿಮ್ಮ ಭಾಷೆಯ ಇಂಥ ಮಾತಿನಿಂದ ಕರೆಯುತ್ತೀರಿ ಎಂದು ಕೇಳಿದರು. 14 ವರ್ಷದವರು ಹೊಡೆತವನ್ನು, ಬೈಗುಳವನ್ನು, ದೂರ ಇಡುವುದನ್ನು ಬೇರೆ ಬೇರೆಯಾಗಿ ಗುರುತಿಸಿದರು. 8 ವರ್ಷದವರು ಬಹುಮಟ್ಟಿಗೆ ಎರಡೇ ಗುಂಪು ಮಾಡಿದರು. ಜಗಳದ ಚಿತ್ರಗಳು ಒಂದು ಕಡೆ, ಜಗಳವಿಲ್ಲದವು ಇನ್ನೊಂದು ಕಡೆ. ಭಾರತ ಆ 14 ದೇಶಗಳಲ್ಲಿ ಇರಲಿಲ್ಲ. ಆದರೂ ನಮ್ಮ ಯಾವುದೇ ಪ್ರಾಥಮಿಕ ಶಾಲೆಯ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಇದರ ಪುರಾವೆ ಕಿವಿಗೆ ಬೀಳುತ್ತದೆ.

ನಾನು ಹಲವು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಎರಡನೇ ಇಯತ್ತೆಯ ಮಕ್ಕಳ ದೂರುಗಳಲ್ಲಿ ಹೆಚ್ಚಿನವು ಒಂದೇ ವಾಕ್ಯದವು. "ಸರ್ರ, ಇಂವ ನನ್ನ ಕಾಡತಾನ್ರಿ." ಓಡುವಾಗ ಆಯತಪ್ಪಿ ಕಾಲು ತುಳಿದವನೂ ಕಾಡುವವನೇ. ಬಳಪಕ್ಕಾಗಿ ಸರಿಸಮನಾಗಿ ಜಗಳವಾಡಿದವನೂ ಕಾಡುವವನೇ. ದಿನವೂ ಊಟದ ತಟ್ಟೆಯನ್ನು ಕಸಿದುಕೊಳ್ಳುವವನೂ ಕಾಡುವವನೇ. ಮೊದಲನೆಯದು ಅಪಘಾತ, ಎರಡನೆಯದು ಜಗಳ, ಮೂರನೆಯದು ನಿಜವಾದ ಕಾಟ. ಮೂರಕ್ಕೂ ಮಗುವಿನ ಬಳಿ ಇರುವುದು ಒಂದೇ ಮಾತು. ಮಗು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ನಾವು ಚೆನ್ನಾಗಿ ಮನಗಾಣಬೇಕು. ಅದು ತನಗೆ ನೋವಾಯಿತು ಎಂದು ಹೇಳುತ್ತಿದೆ. ಆ ನೋವು ಯಾವ ಬಗೆಯದು ಎಂದು ವಿಂಗಡಿಸುವುದು ಅದರ ಕೆಲಸವಲ್ಲ, ನಮ್ಮ ಕೆಲಸ.

ಮಗು ಹೀಗೇಕೆ ನೋಡುತ್ತದೆ? ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ನ್ಯಾಯಬುದ್ಧಿಯನ್ನು ಕುರಿತು 1932ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಜೋಡಿ ಕಥೆಗಳು ಬರುತ್ತವೆ. ಒಬ್ಬ ಹುಡುಗ ಊಟಕ್ಕೆಂದು ಒಳಗೆ ಬರುತ್ತ ಬಾಗಿಲು ತಳ್ಳಿದಾಗ, ಹಿಂದೆ ಇಟ್ಟದ್ದು ತಿಳಿಯದೆ 15 ಕಪ್ಪುಗಳು ಒಡೆಯುತ್ತವೆ. ಇನ್ನೊಬ್ಬ ಹುಡುಗ ಅಮ್ಮ ಇಲ್ಲದಾಗ ಕಪಾಟಿನಿಂದ ಜಾಮ್ ಕದಿಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ಹೆಚ್ಚಿನ ತಪ್ಪು ಎಂದು ಕೇಳಿದರೆ, ತೀರ ಎಳೆಯ ಮಕ್ಕಳು ಅನೇಕರು 15 ಕಪ್ಪು ಒಡೆದವನದೇ ಎಂದರು. ಕಣ್ಣಿಗೆ ಕಾಣುವ ಹಾನಿಯನ್ನು ಅವರು ಎಣಿಸುತ್ತಾರೆ. ಕಾಣದ ಉದ್ದೇಶವನ್ನು ಎಣಿಸುವ ಶಕ್ತಿ ನಿಧಾನವಾಗಿ ಬೆಳೆಯುತ್ತದೆ. ಮುಂದಿನ ಸಂಶೋಧಕರು ಪಿಯಾಜೆಯ ಮಾತನ್ನು ತಿದ್ದಿದ್ದಾರೆ. ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿದರೆ ಸಣ್ಣ ಮಕ್ಕಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲರು ಎಂದು ತೋರಿಸಿದ್ದಾರೆ. ಆದರೆ ಶಾಲೆಯ ಅಂಗಳದಲ್ಲಿ ಉದ್ದೇಶವನ್ನು ಯಾರೂ ಬಿಡಿಸಿ ಹೇಳುವುದಿಲ್ಲವಲ್ಲ! ಅಲ್ಲಿ ಕಾಣುವುದು ಕೈ, ಕಾಲು, ಹರಿದ ಅಂಗಿ, ಮುರಿದ ಬಳಪ ಮಾತ್ರ.

ಈ ಕಾರಣದಿಂದ ಒಂದು ಅಪಾಯ ಹುಟ್ಟುತ್ತದೆ. ಅದನ್ನು ನಾನು ನನ್ನದೇ ತಪ್ಪಿನ ಮೂಲಕ ಹೇಳಬೇಕಾಗಿದೆ.

ನಮ್ಮ ಭಾಗದಿಂದ ಅನೇಕ ಕುಟುಂಬಗಳು ದುಡಿಮೆ ಅರಸಿ ಗೋವಾ, ಮಂಗಳೂರುಗಳ ಕಡೆಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗಿ, ತಿಂಗಳುಗಳ ಮೇಲೆ ಮರಳಿ ಬಂದು ಶಾಲೆಗೆ ಕೂಡುತ್ತಾರೆ. ಹಾಗೆ ಮರಳಿ ಬಂದ ಏಳು ವರ್ಷದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಅವಳ ಮಾತಿನಲ್ಲಿ ಬೇರೆ ಸೀಮೆಯ ಶಬ್ದಗಳು ಸೇರಿಕೊಂಡಿದ್ದವು. ದಿನವೂ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಸರಿಯಾಗಿ ಅವಳು ಬಂದು, "ಹೊಟ್ಟಿ ನೋಯಾಕತ್ತೈತ್ರಿ, ಮನೀಗೆ ಹೋಗತೇನ್ರಿ" ಎನ್ನುತ್ತಿದ್ದಳು. ನಾನು ಮೊದಲು ಓಮಕಾಳು ಕೊಡಿಸಿದೆ. ಆಮೇಲೆ ಗದರಿಸಿದೆ. ಒಂದು ದಿನ ಹತ್ತಿರ ಕೂರಿಸಿಕೊಂಡು, "ಯಾರರ ಹೊಡದ್ರೇನವಾ? ಬೈದ್ರೇನು? ಇವತ್ತ ಏನಾತು ಹೇಳು" ಎಂದು ಕೇಳಿದೆ. "ಯಾರೂ ಏನೂ ಮಾಡಿಲ್ರಿ" ಎಂದಳು. ನಾನು ಅದನ್ನು ನಂಬಿದೆ. ಓದು ತಪ್ಪಿಸುವ ನೆಪ ಇದು ಎಂದು ತೀರ್ಮಾನಿಸಿದೆ.

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಯಾರೂ ಏನೂ ಮಾಡುತ್ತಿರಲಿಲ್ಲ. ಅವಳು ಹತ್ತಿರ ಬಂದ ಕೂಡಲೇ ಕುಂಟಾಬಿಲ್ಲೆ ಆಡುವ ಹುಡುಗಿಯರು ಬಿಲ್ಲೆಯನ್ನು ಎತ್ತಿಕೊಂಡು ಸುಮ್ಮನೆ ಕುಳಿತುಬಿಡುತ್ತಿದ್ದರು. ಅವಳು ದೂರ ಹೋದರೆ ಆಟ ಮತ್ತೆ ಆರಂಭ. ಹೊಡೆತವಿಲ್ಲ, ಬೈಗುಳವಿಲ್ಲ, ಗಾಯವಿಲ್ಲ. ಹೀಗೆ ಎರಡು ತಿಂಗಳು ನಡೆದಿತ್ತು. ಇದನ್ನು ಕಂಡುಹಿಡಿದದ್ದು ನಾನಲ್ಲ. ಏಳನೇ ಇಯತ್ತೆಯ ಒಬ್ಬ ಹುಡುಗಿ. ಅವಳು ಬಂದು, "ಸರ್ರ, ಆ ಸಣ್ಣಾಕಿ ಬಂದ್ರ ಇವರು ಆಟಾನ ನಿಲ್ಲಸ್ತಾರ್ರಿ, ದಿನಾ ಹಿಂಗ ಮಾಡ್ತಾರ್ರಿ" ಎಂದಾಗ ನನಗೆ ನಾಚಿಕೆಯಾಯಿತು.

ಮಿತ್ರರೇ, ಈ ಮಗುವಿನ ಸಂಕಟ ಎಲ್ಲಿದೆ ನೋಡಿ. ಎಳೆಯ ಮಗುವಿನ ಪಾಲಿಗೆ ಕಾಟವೆಂದರೆ ಒಂದು ಘಟನೆ. ಹೊಡೆದರು, ಕಸಿದುಕೊಂಡರು ಎಂದು ತೋರಿಸಬಲ್ಲ ಘಟನೆ. ಯಾರೋ ಏನನ್ನೋ ಮಾಡದೆ ಇರುವುದು ಘಟನೆಯೇ ಅಲ್ಲ. ಮಾಡದೆ ಇರುವುದನ್ನು ದೂರಿಗೆ ತರುವುದು ಹೇಗೆ? ಅದಕ್ಕೆ ಮಗುವಿನ ಬಳಿ ಮಾತಿಲ್ಲ. ಮಾತಿಲ್ಲದ ನೋವು ಹೊಟ್ಟೆನೋವಾಗಿ ಹೊರಬಂತು. ನಾನು ಕೇಳಿದ ಪ್ರಶ್ನೆಯೂ ಘಟನೆಯ ಪ್ರಶ್ನೆಯೇ ಆಗಿತ್ತು. ಇವತ್ತು ಏನಾಯಿತು ಎಂದು ಕೇಳಿದೆ. ದಿನಾ ಏನಾಗುತ್ತದೆ, ಯಾರ ಜೊತೆ ಆಡುತ್ತೀ, ಯಾರ ಪಕ್ಕದಲ್ಲಿ ಉಣ್ಣುತ್ತೀ ಎಂದು ಕೇಳಿದ್ದರೆ ಅವಳು ಮೊದಲ ವಾರದಲ್ಲಿಯೇ ಹೇಳಿಬಿಡುತ್ತಿದ್ದಳೋ ಏನೋ.

ಹೀಗಾಗಿ ನಾನು ಇಂದು ನಿಮ್ಮ ಮುಂದಿಡಲು ಬಯಸುವ ಮುಖ್ಯ ಮಾತು ಇದು. ಎಳೆಯ ಮಗು ಕಾಟವನ್ನು ಘಟನೆಯಾಗಿ ನೋಡುತ್ತದೆ. ದೊಡ್ಡವರಾದ ನಾವು ಅದನ್ನು ಇಬ್ಬರ ಅಥವಾ ಹಲವರ ನಡುವಿನ ಸಂಬಂಧವಾಗಿ ನೋಡಬೇಕು. ನಾವೂ ಮಗುವಿನಂತೆಯೇ ಘಟನೆಯನ್ನಷ್ಟೇ ಹುಡುಕಿದರೆ, ಗದ್ದಲ ಮಾಡುವ ಜಗಳಗಳನ್ನು ಬಿಡಿಸುತ್ತ ಕೂರುತ್ತೇವೆ, ಸದ್ದಿಲ್ಲದ ಕಾಟ ಹಾಗೆಯೇ ಉಳಿಯುತ್ತದೆ.

ಕಾಡಿಸುವ ಮಗುವಿನ ವಿಷಯವೂ ಸ್ವಲ್ಪ ಹೀಗೆಯೇ. ಆ ಕುಂಟಾಬಿಲ್ಲೆಯ ಹುಡುಗಿಯರನ್ನು ನಾನು ಕರೆದು ಕೇಳಿದಾಗ, "ನಾವೇನ್ ಮಾಡೇವ್ರಿ? ನಾವು ಆಕೀನ ಮುಟ್ಟೇ ಇಲ್ಲ" ಎಂದು ನಿಜವಾದ ಅಚ್ಚರಿಯಿಂದಲೇ ಹೇಳಿದರು. ಮುಟ್ಟದಿರುವುದೂ ನೋಯಿಸಬಲ್ಲುದು ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಇಂಥ ಮಕ್ಕಳನ್ನು ದುಷ್ಟರೆಂದು ಕರೆಯುವುದು ಸರಿಯಲ್ಲ. ಹಾಗೆಂದು ಮಕ್ಕಳಾಟವೆಂದು ಬಿಟ್ಟುಬಿಡುವುದೂ ಸರಿಯಲ್ಲ. ಕಲಿಸಬೇಕು. ಅಕ್ಷರವನ್ನು ಕಲಿಸುವಂತೆ ಇದನ್ನೂ ಕಲಿಸಬೇಕು.

ಇಲ್ಲಿ ಇನ್ನೊಂದು ಕಹಿಯಾದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಯಾರನ್ನು ದೂರವಿಡಬೇಕು, ಯಾರ ಬಣ್ಣವನ್ನು, ಕುಂಟುವ ಕಾಲನ್ನು, ಮನೆಮಾತನ್ನು ನಗೆಗೀಡು ಮಾಡಬಹುದು ಎಂಬುದನ್ನು ಮಗು ತಾನಾಗಿ ಕಂಡುಕೊಳ್ಳುವುದಿಲ್ಲ. ಮನೆಯ ಕಟ್ಟೆಯ ಮೇಲೆ ದೊಡ್ಡವರು ಆಡುವ ಮಾತು ಅದರ ಕಿವಿಗೆ ಬಿದ್ದಿರುತ್ತದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು ತಮ್ಮ ಬಾಲ್ಯವನ್ನು ನೆನೆದು ಬರೆದಿದ್ದಾರೆ. ಸಾತಾರದ ಶಾಲೆಯಲ್ಲಿ ಅವರು ಉಳಿದ ಮಕ್ಕಳೊಂದಿಗೆ ಕೂರುವಂತಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಒಂದು ಮೂಲೆಯಲ್ಲಿ ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ನಲ್ಲಿಯನ್ನು ತಾವು ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನನಿಲ್ಲದ ದಿನ ನೀರಿಲ್ಲ. ಅಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಕಾಡಿಸಲಿಲ್ಲ, ಒಂದು ಪದ್ಧತಿಯೇ ಒಂದು ಮಗುವನ್ನು ಕಾಡಿತು. ಅಂಥ ಪದ್ಧತಿಯ ತುಣುಕುಗಳು ನಮ್ಮ ಮಾತುಗಳಲ್ಲಿ ಉಳಿದಿರುವವರೆಗೆ ಮಕ್ಕಳು ಅವನ್ನು ಆಯ್ದುಕೊಂಡು ಆಟದಂಗಳಕ್ಕೆ ತರುತ್ತಲೇ ಇರುತ್ತಾರೆ.

ಇನ್ನು ನಿಮ್ಮ ಪಾಲಿನ ಕೆಲಸಕ್ಕೆ ಬರೋಣ. ನೀವು ಪ್ರೌಢಶಾಲೆಯಲ್ಲಿ, ಕಾಲೇಜಿನಲ್ಲಿ ಇರುವವರು. ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಇರುತ್ತಾರೆ. ಶಾಲೆಯ ದಾರಿಯಲ್ಲಿ, ಬಸ್ಸಿನಲ್ಲಿ ಸಣ್ಣವರು ನಿಮ್ಮ ಜೊತೆಯಲ್ಲಿಯೇ ಬರುತ್ತಾರೆ. ಶಿಕ್ಷಕರು ಕಾಣದ್ದು ನಿಮಗೆ ಕಾಣುತ್ತದೆ. ಕೆನಡಾದ ಸಂಶೋಧಕರು ಶಾಲೆಯ ಆಟದಂಗಳಗಳಲ್ಲಿ ಚಿತ್ರೀಕರಣ ಮಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾಟ ನಡೆದ ನೂರು ಸಂದರ್ಭಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಪಕ್ಕದಲ್ಲಿಯೇ ಇದ್ದರು. ಆದರೆ ಯಾರಾದರೂ ನಡುವೆ ಬಂದದ್ದು 19ರಲ್ಲಿ ಮಾತ್ರ. ಹಾಗೆ ನಡುವೆ ಬಂದಾಗಲೆಲ್ಲ ಏನಾಯಿತು? ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡುಗಳ ಒಳಗೆ ನಿಂತುಹೋಯಿತು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿಯೇ ತೋರಿಸಿದಂತೆ, ಕಾಟದಲ್ಲಿ ಪಾತ್ರಧಾರಿಗಳು ಇಬ್ಬರೇ ಅಲ್ಲ. ಕೈಜೋಡಿಸುವವರು, ನಗುವವರು, ಸುಮ್ಮನೆ ಸರಿದುಹೋಗುವವರು, ರಕ್ಷಣೆಗೆ ಬರುವವರು, ಇವರೆಲ್ಲರೂ ಅದರೊಳಗೆ ಇದ್ದಾರೆ. ಹೊಳೆಯಲ್ಲಿ ಅದ್ದುವವರು ನಾಲ್ವರಾದರೆ, ದಂಡೆಯಲ್ಲಿ ನಗುತ್ತ ನಿಂತವರಲ್ಲಿ ನಾನೂ ಒಬ್ಬನಾಗಿದ್ದೆ.

ಹಾಗೆಂದು ಹೊಡೆದಾಟಕ್ಕೆ ಇಳಿಯಿರಿ ಎಂದು ನಾನು ಹೇಳುತ್ತಿಲ್ಲ. ಆ ಏಳನೇ ಇಯತ್ತೆಯ ಹುಡುಗಿ ಏನು ಮಾಡಿದಳು ಗೊತ್ತೇ? ಯಾರನ್ನೂ ಬೈಯಲಿಲ್ಲ. ಮರುದಿನ ಬಿಡುವಿನಲ್ಲಿ, "ಬಾರವಾ ತಂಗಿ, ನಾವಿಬ್ರೂ ಆಡೂಣು" ಎಂದು ಆ ಸಣ್ಣವಳ ಕೈ ಹಿಡಿದು, ತಾನೇ ನೆಲದ ಮೇಲೆ ಮನೆಗಳನ್ನು ಗೀಚಿ ಬಿಲ್ಲೆ ಎಸೆದಳು. ದೊಡ್ಡ ಹುಡುಗಿ ಆಡುತ್ತಿದ್ದಾಳೆಂದರೆ ಸಣ್ಣವರು ಸುಮ್ಮನಿರುತ್ತಾರೆಯೇ? ನಾಲ್ಕಾರು ದಿನಗಳಲ್ಲಿ ಒಬ್ಬೊಬ್ಬರಾಗಿ ಬಂದು ಸೇರಿದರು. ಎಲ್ಲರೂ ಸೇರಿದರೆಂದು ನಾನು ಹೇಳಲಾರೆ. ಇಬ್ಬರು ಕೊನೆಯವರೆಗೂ ದೂರವೇ ಉಳಿದರು. ಆದರೆ ಹೊಟ್ಟೆನೋವು ಮಾತ್ರ ನಿಂತಿತು.

ಸಣ್ಣವರ ದೂರು ನಿಮ್ಮ ಕಿವಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ಮೊದಲನೆಯ ಸಲವೋ, ದಿನವೂ ಹೀಗೆಯೋ? ನೀನು ಸಾಕು ಎಂದರೆ ಅವರು ಬಿಡುತ್ತಾರೋ ಇಲ್ಲವೋ? ಆಗ ನಿನ್ನ ಕಡೆ ಯಾರಾದರೂ ಇರುತ್ತಾರೋ, ನೀನೊಬ್ಬನೇ ಇರುತ್ತೀಯೋ? ಈ ಮೂರಕ್ಕೆ ಬರುವ ಉತ್ತರದಿಂದ ಜಗಳ ಯಾವುದು, ಕಾಟ ಯಾವುದು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಜೊತೆಗೆ ಇನ್ನೊಂದು ಮಾತನ್ನು ಮಗುವಿಗೆ ಬಿಡಿಸಿ ಹೇಳಿರಿ. ಚಾಡಿ ಹೇಳುವುದು ಬೇರೆ, ನೆರವು ಕೇಳುವುದು ಬೇರೆ. ಒಬ್ಬನಿಗೆ ಏಟು ಬೀಳಲಿ ಎಂದು ಹೇಳುವುದು ಚಾಡಿ. ಒಬ್ಬನಿಗೆ ಬೀಳುತ್ತಿರುವ ಏಟು ನಿಲ್ಲಲಿ ಎಂದು ಹೇಳುವುದು ಚಾಡಿಯಲ್ಲ. ಚಾಡಿಕೋರ ಎಂಬ ಹೆಸರಿಗೆ ಅಂಜಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಕಾನೂನಿನ ಆಸರೆಯೂ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ರ‍್ಯಾಗಿಂಗನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ವಿದ್ಯಾರ್ಥಿಯ ಮಾನಕ್ಕೆ ಕುಂದು ತರುವ ಕೆಲಸವನ್ನು ಅವನಿಂದ ಬಲವಂತವಾಗಿ ಮಾಡಿಸಿದರೆ, ಅದು ತಮಾಷೆಯ ಹೆಸರಿನಲ್ಲಿ ನಡೆದರೂ ಅಪರಾಧವೇ. ತಮಾಷೆಗೆ ಮಾಡಿದೆವು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ ಎಂಬುದನ್ನು ಕಾಲೇಜಿನವರು ನೆನಪಿಡಬೇಕು. ಕಷ್ಟದಲ್ಲಿರುವ ಯಾವುದೇ ಮಗು, ಅಥವಾ ಆ ಮಗುವಿನ ಪರವಾಗಿ ಯಾರೇ ಆಗಲಿ, 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯೂ ಒಂದು ವೇದಿಕೆ. ಅಲ್ಲಿ ಆಟದ ಮೈದಾನವನ್ನು, ಶೌಚಾಲಯವನ್ನು ಕೇಳುವಂತೆಯೇ, ನಮ್ಮ ಶಾಲೆಯ ದಾರಿಯಲ್ಲಿ ಸಣ್ಣವರು ಅಂಜದೆ ನಡೆಯುವಂತಾಗಲಿ ಎಂದೂ ಕೇಳಬಹುದು.

ಆದರೆ ಕಾನೂನು ಬರುವುದು ಕಾಟ ಕಣ್ಣಿಗೆ ಕಂಡ ಮೇಲೆ. ಕಾಣುವ ಮೊದಲು ಬೇಕಾದುದು ಗಮನ. ನಾಳೆ ಶಾಲೆಯ ಅಂಗಳದಲ್ಲಿ ಮಕ್ಕಳು ಆಡುವಾಗ ಒಮ್ಮೆ ನಿಂತು ನೋಡಿರಿ. ಎಲ್ಲರಿಗೂ ಪಾಳಿ ಬರುತ್ತಿದೆಯೇ? ಸಾಕು ಎಂದವನನ್ನು ಬಿಡುತ್ತಿದ್ದಾರೆಯೇ? ಕಟ್ಟೆಯ ಮೇಲೆ, ನೀರಿನ ತೊಟ್ಟಿಯ ಬಳಿ ಯಾರಾದರೂ ಒಬ್ಬರೇ ಕುಳಿತಿದ್ದಾರೆಯೇ? ಕುಳಿತಿದ್ದರೆ, ಏನಾಯಿತು ಎಂದು ಕೇಳಬೇಡಿ. ಬಾ, ಆಡೋಣ ಎಂದು ಕರೆಯಿರಿ.